ಟೂಲ್ ಮೇಲೋ, ಎ ಪರ್ಫೆಕ್ಟ್ ಸರ್ಕಲ್ ಮೇಲೋ? ವಾದಕ್ಕೆ ಇಳಿಯುವ ಮೊದಲು ಹೀಗೆ ಕೇಳಿ

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ಸೇರುವ ನಮ್ಮ ಗೆಳೆಯರ ನಡುವೆ ಟೂಲ್, ಎ ಪರ್ಫೆಕ್ಟ್ ಸರ್ಕಲ್ ಎಂಬ ಎರಡೂ ಅಮೆರಿಕನ್ ರಾಕ್ ಬ್ಯಾಂಡ್‌ಗಳ ಹಾಡುಗಾರ ಮೇನಾರ್ಡ್ ಜೇಮ್ಸ್ ಕೀನನ್ ಹೆಸರು ಬಂದರೆ ಸಾಕು, ಎರಡು ಪಾರ್ಟಿ ಆಗಿಬಿಡುತ್ತವೆ. ಕೆಲವರಿಗೆ ಟೂಲ್ ಬಿಟ್ಟು ಬೇರೆ ಬ್ಯಾಂಡೇ ಇಲ್ಲ. ಉಳಿದವರು ಎ ಪರ್ಫೆಕ್ಟ್ ಸರ್ಕಲ್ ಪರ. ವಾದ ಮಾಡಿ, ಬೇಡ ಅನ್ನಲ್ಲ. ಆದರೆ ಸುಮ್ನೆ ಹೆಸರು ಹಿಡಿದು ಜಗಳ ಬೇಡ.

ಮೊದಲು ಟ್ಯೂನ್ ಯಾರದು ಅಂತ ನೋಡಿ. ಒಬ್ಬರೇ ಹಾಡುಗಾರರು ಎರಡು ಭಜನಾ ಮಂಡಳಿಯಲ್ಲಿ ಹಾಡಿದರೂ, ಹಾರ್ಮೋನಿಯಂ ಪೆಟ್ಟಿಗೆ, ತಬಲಾ ಯಾರ ಕೈಯಲ್ಲಿವೆ ಅನ್ನೋದರ ಮೇಲೆ ಭಜನೆಯ ನಡಿಗೆ ಬದಲಾಗುತ್ತದೆ, ಅಲ್ವಾ? ಟೂಲ್‌ನಲ್ಲಿ ಆಡಂ ಜೋನ್ಸ್, ಜಸ್ಟಿನ್ ಚಾನ್ಸಲರ್, ಡ್ಯಾನಿ ಕೇರಿ ಸೇರಿ ಸಂಗೀತ ಕಟ್ಟುತ್ತಾರೆ. ಕೀನನ್ ಸಾಲುಗಳು ಆಮೇಲೆ. ಎ ಪರ್ಫೆಕ್ಟ್ ಸರ್ಕಲ್‌ನ ಟ್ಯೂನ್‌ಗಳು ಬಿಲ್ಲಿ ಹೋವರ್ಡೆಲ್ ಅವರವು. ಅವರು ಟೂಲ್‌ಗೆ ಗಿಟಾರ್ ಟೆಕ್ನಿಷಿಯನ್ ಆಗಿದ್ದವರು. ಅವರ ಡೆಮೋ ಕೇಳಿ ಕೀನನ್ ಹಾಡಲು ಒಪ್ಪಿದರು. ಅದಕ್ಕೇ 'ಮೇನಾರ್ಡ್ ಸೈಡ್ ಬ್ಯಾಂಡ್' ಅಂದಾಗ ನನಗೆ ಬೇಸರ ಆಗುತ್ತದೆ. ಹೋವರ್ಡೆಲ್‌ಗೆ ಅದು ಸೈಡ್ ಅಲ್ಲ.

ಈಗ ಎರಡೂ ಕಡೆಯಿಂದ ಒಂದೇ ವಿಷಯದ ಹಾಡು ಹಿಡಿಯಿರಿ. ಇಲ್ಲಿ ಆ ವಿಷಯ ಕೀನನ್ ಅವರ ತಾಯಿ, ಜುಡಿತ್ ಮೇರಿ. 1976ರಲ್ಲಿ ಲಕ್ವಾ ಹೊಡೆದು, ಸಾಯುವತನಕ ಹಾಗೇ ಬದುಕಿದವರು. ಆದರೂ ದೇವರ ಮೇಲಿನ ನಂಬಿಕೆ ಬಿಡಲಿಲ್ಲ. ಎ ಪರ್ಫೆಕ್ಟ್ ಸರ್ಕಲ್‌ನ 'ಜುಡಿತ್' 2000ದ್ದು, ನಾಲ್ಕು ನಿಮಿಷ ಚಿಲ್ಲರೆ. ಪೂರಾ ಸಿಟ್ಟು: ನಿನ್ನನ್ನು ಹೀಗೆ ಮಾಡಿದ ದೇವರನ್ನೇ ಹೇಗೆ ನಂಬುತ್ತೀ ಅಂತ. ತಾಯಿ 2003ರಲ್ಲಿ ತೀರಿಕೊಂಡರು. 2006ರಲ್ಲಿ ಟೂಲ್ 'ವಿಂಗ್ಸ್ ಫಾರ್ ಮೇರಿ' ಮತ್ತು '10,000 ಡೇಸ್' ಹಾಡುಗಳನ್ನು ತಂದಿತು. ಎರಡೂ ಸೇರಿ 17 ನಿಮಿಷದ ಮೇಲೆ. ಇವುಗಳನ್ನು ಬಿಡಿಸದೆ ಒಟ್ಟಿಗೆ ಕೇಳಿ, ಮೊಬೈಲ್ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿ. ಇಲ್ಲಿ ದನಿ ಪಿಸುಮಾತಿನ ಹಾಗೆ ಶುರುವಾಗುತ್ತದೆ. ಗುಡುಗು ಕೇಳುತ್ತದೆ. ಸ್ವರ್ಗದ ಬಾಗಿಲಲ್ಲಿ ನಿಂತು ನನ್ನ ರೆಕ್ಕೆ ಕೊಡಿ ಅಂತ ಕೇಳುವ ಹಕ್ಕು ನಿನಗಿದೆ ಅಂತ ಮಗ ತಾಯಿಗೆ ಹೇಳುತ್ತಾನೆ. ಆ ನಿಧಾನ ಟೂಲ್‌ಗೆ ಮಾತ್ರ ಸಾಧ್ಯ. 'ಜುಡಿತ್'ನ ಸಿಟ್ಟಿಗೆ ಹೋವರ್ಡೆಲ್ ಅವರ ಬಿಗಿಯಾದ ರಿಫ್ಫೇ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇಕಿತ್ತು.

ತಾಳವನ್ನೂ ಎಣಿಸಿ. ಟೂಲ್‌ನ 'ಸಿಸಂ' ಹಾಡಿನ ತಾಳ 5 ಮತ್ತು 7 ಎಣಿಕೆಯ ತುಂಡುಗಳಾಗಿ ಒಡೆಯುತ್ತದೆ. ತಬಲಾ ಕ್ಲಾಸಿನಲ್ಲಿ ರೂಪಕದ 7 ಮಾತ್ರೆ ಎಣಿಸಿದವರಿಗೆ ಆ ಎರಡನೇ ತುಂಡು ಬೇಗ ಸಿಗುತ್ತದೆ.

ಕೀನನ್ ಅವರ ಇನ್ನೊಂದು ತಂಡ ಪುಸಿಫರ್ ಇದೆ. ಅದನ್ನು ಅದೇ ಸಂಜೆ ಹಚ್ಚಬೇಡಿ. ಅಲ್ಲಿ ಕರೀನಾ ರೌಂಡ್ ಅವರ ದನಿಗೆ ಬೇರೆಯೇ ಕಿವಿ ಬೇಕು.