ಒಂದು ಊಟಕ್ಕೆ ಎರಡು ರೀಡಿಂಗ್: ಮನೆಯಲ್ಲೇ ಶುಗರ್ ಲೆಕ್ಕ ಹಿಡಿಯುವ ಬಗೆ

ಟೈಪ್ 2 ಮಧುಮೇಹ ಇರುವ ಬಹಳಷ್ಟು ಜನ ಗ್ಲೂಕೋಮೀಟರ್ ಕೈಗೆತ್ತಿಕೊಳ್ಳುವುದು ಬೆಳಿಗ್ಗೆ ಎದ್ದ ಕೂಡಲೇ ಮಾತ್ರ. 110 ಬಂದರೆ ನಿರಾಳ, 150 ಬಂದರೆ ದಿನವಿಡೀ ಬೇಸರ. ಆದರೆ ನಿನ್ನೆಯ ಯಾವ ಊಟ ಹೆಚ್ಚಾಯಿತು, ಇವತ್ತು ಏನು ಬದಲಿಸಬೇಕು ಎಂಬುದನ್ನು ಆ ಒಂದು ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಜೋಡಿ ರೀಡಿಂಗ್ ಬೇಕು: ಊಟಕ್ಕೆ ಕೂರುವ ಮುಂಚೆ ಒಂದು, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಂದು. ಊಟ ಮುಗಿದ ಹೊತ್ತಿನಿಂದ ಎಣಿಸಬೇಡಿ, ಶುರುವಾದ ಹೊತ್ತಿನಿಂದ ಎಣಿಸಿ.

ಮೊದಲು ಬೆರಳು ಚುಚ್ಚುವ ಕ್ರಮ ಸರಿಯಾಗಲಿ. ತಪ್ಪು ರೀಡಿಂಗ್ ಬರುವುದು ಹೆಚ್ಚಾಗಿ ಇಲ್ಲೇ. ಸೋಪು, ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಬೆರಳಿಗೆ ಅಂಟಿದ ಸಕ್ಕರೆಯೂ ರಕ್ತದ ಜೊತೆ ಸ್ಟ್ರಿಪ್‌ಗೆ ಹೋಗಿ, ಇಲ್ಲದ ಶುಗರ್ ತೋರಿಸುತ್ತದೆ. ಕೈ ಒದ್ದೆಯಿದ್ದರೆ ರಕ್ತ ನೀರಾಗಿ ರೀಡಿಂಗ್ ಇಳಿಯುತ್ತದೆ. ಬೆರಳ ತುದಿಯ ನಡುಭಾಗಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ರಕ್ತ ಬಾರದಿದ್ದರೆ ಕೈಯನ್ನು ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ಕಾಯಿರಿ. ಬೆರಳನ್ನು ಗಟ್ಟಿಯಾಗಿ ಹಿಂಡಿದರೆ ರಕ್ತದ ಜೊತೆ ಚರ್ಮದಡಿಯ ದ್ರವವೂ ಸೇರಿ ರೀಡಿಂಗ್ ಕೆಡುತ್ತದೆ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿ, ತೇವ ತಾಗಿದರೆ ಉಳಿದವೂ ಹಾಳು.

ಇಷ್ಟೆಲ್ಲ ಮಾಡಿದರೂ ಮೀಟರ್ ಅಂದಾಜಿನ ಯಂತ್ರವೇ. ಇಂಥ ಮೀಟರ್‌ಗಳಿಗಿರುವ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೇ ಶೇ 15ರಷ್ಟು ಆಚೀಚೆ ಹೋಗಲು ಅವಕಾಶವಿದೆ. ಅಂದರೆ ನಿಜವಾದ ಶುಗರ್ 200 ಇದ್ದರೆ ಮೀಟರ್ 170 ತೋರಿಸಬಹುದು, 230 ಕೂಡ. ಹಾಗಾಗಿ ನಿನ್ನೆ 118, ಇವತ್ತು 126 ಎಂದು ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮೂರು ನಾಲ್ಕು ಸಲ ಒಂದೇ ದಿಕ್ಕಿಗೆ ವಾಲಿದರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಬಹುತೇಕ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರುವಾದ ಎರಡು ಗಂಟೆಗೆ 180ರ ಒಳಗೆ ಎಂಬುದು ಸಾಮಾನ್ಯ ಗುರಿ. (ಇವೆಲ್ಲ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ. ನಿಮ್ಮ ಮೀಟರ್ 6.5, 8.2 ಎಂದು ತೋರಿಸಿದರೆ 18ರಿಂದ ಗುಣಿಸಿ.) ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿಯ ತೊಂದರೆ ಇರುವವರಿಗೆ ವೈದ್ಯರು ಗುರಿಯನ್ನು ಸಡಿಲಿಸುವುದುಂಟು.

ಈಗ ಜೋಡಿ ರೀಡಿಂಗ್‌ನ ಉಪಯೋಗಕ್ಕೆ ಬರೋಣ. ಮಧ್ಯಾಹ್ನದ ಊಟಕ್ಕೆ ಮುಂಚೆ 120, ಎರಡು ಗಂಟೆಗೆ 225 ಬಂತು ಎಂದಿಟ್ಟುಕೊಳ್ಳಿ. 105 ಏರಿತು. ಮರುದಿನ ಅದೇ ಊಟ ಮಾಡಿ, ಒಂದನ್ನು ಮಾತ್ರ ಬದಲಿಸಿ: ಅನ್ನ ಅರ್ಧಕ್ಕಿಳಿಸಿ. ಅದರ ಮರುದಿನ ಅನ್ನ ಮೊದಲಿನಷ್ಟೇ ಇರಲಿ, ಆದರೆ ತರಕಾರಿ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿನ್ನಿ. ಇನ್ನೊಂದು ದಿನ ಮಾಮೂಲಿ ಕ್ರಮದಲ್ಲೇ ಉಂಡು, ಎದ್ದ ಮೇಲೆ 15 ನಿಮಿಷ ನಡೆಯಿರಿ. ಯಾವುದರಲ್ಲಿ ಏರಿಕೆ ಹೆಚ್ಚು ತಗ್ಗಿತೋ ಅದೇ ನಿಮ್ಮ ದಾರಿ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಕೆಲಸ ಮಾಡಿದ್ದು ಯಾವುದು ಎಂದು ಎಂದಿಗೂ ತಿಳಿಯುವುದಿಲ್ಲ. ಊಟದ ಮೇಲಿನ ನಡಿಗೆಯನ್ನು ಹಗುರವಾಗಿ ಕಾಣಬೇಡಿ: ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವು ಹೆಚ್ಚು ಬೇಡದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ.

ರಾತ್ರಿ ಕಡಿಮೆ ಉಂಡರೂ ಬೆಳಿಗ್ಗೆ ಶುಗರ್ ಜಾಸ್ತಿ ಏಕೆ ಎಂಬುದು ಎಲ್ಲರ ದೂರು. ನಾವು ಮಲಗಿರುವಾಗ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದನ್ನು ತಡೆಯುವುದು ಇನ್ಸುಲಿನ್‌ನ ಕೆಲಸ, ಟೈಪ್ 2ರಲ್ಲಿ ಯಕೃತ್ತು ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಮುಂಜಾವಿನಲ್ಲಿ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏರುವುದೂ ಇದಕ್ಕೆ ಸೇರುತ್ತದೆ. ಆದ್ದರಿಂದ ಬೆಳಗಿನ ಸಂಖ್ಯೆ ತಗ್ಗಿಸಲು ರಾತ್ರಿ ಊಟ ಬಿಟ್ಟು ಉಪವಾಸ ಮಲಗುವುದು ತಪ್ಪು ಲೆಕ್ಕ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯವೂ ಹೌದು.

ಆ ಅಪಾಯದ ಹೆಸರು ಲೋ ಶುಗರ್. 70ಕ್ಕಿಂತ ಕೆಳಗೆ ಹೋದರೆ ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಸುಮ್ಮನೆ ಸಿಡುಕು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಒಂದನ್ನೇ ತೆಗೆದುಕೊಳ್ಳುವವರಿಗೆ ಇದು ಅಪರೂಪ. ಬಂದರೆ ಕೂಡಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚದಷ್ಟು, ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಕೈಗೆ ಸಿಕ್ಕಿತೆಂದು ಅದನ್ನೇ ತಿನ್ನಬೇಡಿ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಇಳಿಯುತ್ತದೆ. ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಪದೇ ಪದೇ ಲೋ ಆಗುತ್ತಿದ್ದರೆ ಔಷಧದ ಪ್ರಮಾಣ ಬದಲಾಗಬೇಕು, ನೀವು ಹೆಚ್ಚು ತಿನ್ನಬೇಕು ಎಂದಲ್ಲ.

ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಮೆಟ್‌ಫಾರ್ಮಿನ್ ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ನಡುನಡುವೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಬೇಕು. ಜ್ವರ ಬಂದಾಗ ಏನೂ ತಿನ್ನದಿದ್ದರೂ ಶುಗರ್ ಏರಬಹುದು, ಆಗ ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸಬಾರದು. ವಾಂತಿ, ಭೇದಿ ಶುರುವಾದರೆ ಮಾತ್ರ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ಬಿಡಬೇಕಾಗುತ್ತದೆ. ಯಾವುವು ಎಂದು ಆರೋಗ್ಯವಾಗಿರುವಾಗಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಲು ಎರಡು ನಿಮಿಷ ಸಾಕು. ಅಡಿಭಾಗ ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಡಿ. ಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದ ಚರ್ಮ, ಬೊಕ್ಕೆ, ಕೆಂಪು ಇದೆಯೇ ನೋಡಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ನೋವಿಲ್ಲವೆಂದು ಗಾಯವನ್ನು ಬಿಡುವಂತಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಯಲು ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ತೋರಿಸುವುದು ಸುಮಾರು ಮೂರು ತಿಂಗಳ ಶುಗರ್‌ನ ಸರಾಸರಿ: 7 ಅಂದರೆ ಸರಿಸುಮಾರು 154, 8 ಅಂದರೆ 183. ಅದು ನಿಮ್ಮ ಮನೆಯ ರೀಡಿಂಗ್‌ಗೆ ತಾಳೆಯಾಗದಿದ್ದರೆ ಎರಡು ಕಾರಣ ಹುಡುಕಿ. ಮೊದಲನೆಯದು, ನೀವು ನೋಡದ ಹೊತ್ತಿನಲ್ಲಿ ಶುಗರ್ ಏರುತ್ತಿರಬಹುದು. ಎರಡನೆಯದು ರಕ್ತಹೀನತೆ, ಕಬ್ಬಿಣಾಂಶದ ಕೊರತೆಯಿದ್ದರೆ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ವೈದ್ಯರ ಬಳಿ ಹೋಗುವ ಹಿಂದಿನ ಮೂರು ದಿನ ಮೂರೂ ಊಟದ ಜೋಡಿ ರೀಡಿಂಗ್ ಬರೆದು, ಪಕ್ಕದಲ್ಲಿ ತಿಂದದ್ದು, ಮಾತ್ರೆ ತೆಗೆದುಕೊಂಡ ಹೊತ್ತು ನಮೂದಿಸಿ ಆ ಹಾಳೆಯನ್ನೇ ಕೊಡಿ.