ಗೇರುಬೀಜದ ಬಾಕ್ಸಿಗೆ ಕಿತ್ತಳೆ ಬಣ್ಣ ಹಾಕಿದ್ದು

ಮಂಗಳೂರಿನಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಎರಡು ಬಣ್ಣದ ಮೆಷಿನ್ ಒಂದೇ ಇರುವುದು. ಮದುವೆ ಕಾಗದ, ಬಿಲ್ ಬುಕ್, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಹೀಗೆ. ಸ್ಪಾಟ್ ಕಲರ್, ಅಂದರೆ ಬೇಕಾದ ಬಣ್ಣದ ಇಂಕನ್ನೇ ನೇರ ಹಾಕಿ ಹೊಡೆಯುವುದು, ದೊಡ್ಡ ಪ್ರೆಸ್ಸಿನವರ ಉಸಾಬರಿ, ನಮಗೆ ಯಾಕೆ ಅಂತ ಸುಮ್ನಿದ್ದೆ. ಅದರ ದಾರಿ ಹಿಡಿಸಿದ್ದು ಕಾರ್ಕಳ ಕಡೆಯ ಒಬ್ಬರು ಗೇರುಬೀಜದ ವ್ಯಾಪಾರಿ.

ಅವರ ಕಾಲು ಕಿಲೋ ಬಾಕ್ಸಿನಲ್ಲಿ ಅರ್ಧ ಭಾಗ ಕಿತ್ತಳೆ, ಅದರೊಳಗೆ ಸಣ್ಣ ಬಿಳಿ ಅಕ್ಷರ. ಮೊದಲ ಲಾಟನ್ನು ಎಲ್ಲರ ಹಾಗೆ ನಾಲ್ಕು ಬಣ್ಣದಲ್ಲೇ ಹೊಡೆದೆ. ಕಿತ್ತಳೆಗೆ ಹಳದಿ ನೂರಕ್ಕೆ 100, ಮಜೆಂಟಾ (ಗುಲಾಬಿಗೆಂಪು) ನೂರಕ್ಕೆ 60. ಮೊದಲ ದಿನ ಸಯಾನ್ (ತಿಳಿನೀಲಿ) ಮತ್ತು ಮಜೆಂಟಾ, ಮಾರನೇ ದಿನ ಹಳದಿ ಮತ್ತು ಕಪ್ಪು. ಜುಲೈ ತಿಂಗಳು, ಹೊರಗೆ ಸುರಿಯುವ ಮಳೆ, ರಾತ್ರಿ ಬೆಳಗಾಗುವಷ್ಟರಲ್ಲಿ ಬಾಕ್ಸಿನ ಬೋರ್ಡ್ (ದಪ್ಪ ಕಾಗದ) ತೇವ ಎಳೆದುಕೊಂಡು ಅಂಚು ಅಲೆಅಲೆಯಾಗಿತ್ತು. ಇನ್ನು ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು, ಎಲ್ಲಿಂದ ಬರಬೇಕು? ಬಿಳಿ ಅಕ್ಷರದ ಒಂದು ಬದಿಗೆ ಹಳದಿ ಗೆರೆ, ಇನ್ನೊಂದು ಬದಿಗೆ ಕೆಂಪು. ಮಜೆಂಟಾ ಒಂಚೂರು ಹೆಚ್ಚುಕಮ್ಮಿಯಾದರೂ ಶೇಡ್ ಬೇರೆ. "ಎಂತ ಮಾರಾಯ್ರೆ ಇದು, ಎರಡು ಕಂಪೆನಿಯ ಮಾಲಿನ ಹಾಗೆ ಉಂಟಲ್ಲ" ಅಂದರು ಅವರು, ಎರಡು ಬಾಕ್ಸ್ ಪಕ್ಕಪಕ್ಕ ಇಟ್ಟು. ಏನು ಹೇಳುವುದು!

ಅದೂ ಅಲ್ಲದೆ ನಾಲ್ಕು ಬಣ್ಣದಲ್ಲಿ ಕಿತ್ತಳೆ ಎಷ್ಟು ಮಾಡಿದರೂ ಸ್ವಲ್ಪ ಮಂಕೇ. ಸ್ಪಾಟ್ ಕಲರಿನಲ್ಲಿ ಚುಕ್ಕಿ ಚುಕ್ಕಿ ಸೇರಿಸಿ ಕಿತ್ತಳೆಯ ಭ್ರಮೆ ಹುಟ್ಟಿಸುವ ಕೆಲಸ ಇಲ್ಲ, ಡಬ್ಬಿಯಲ್ಲಿರುವ ಇಂಕೇ ಕಿತ್ತಳೆ. ಒಂದು ಇಂಕಿಗೆ ಒಂದೇ ಪ್ಲೇಟು (ಛಾಪಿಸುವ ಅಚ್ಚು), ಹಾಗಾಗಿ ಅಕ್ಷರದ ಅಂಚು ಕತ್ತರಿಸಿದ ಹಾಗೆ ಬರುತ್ತದೆ. ಫೋಟೋ ಇದ್ದರೆ ನಾಲ್ಕು ಬಣ್ಣ ಬೇಕಾಗುತ್ತದಲ್ಲ, ಹಾಗಾಗಿ ಎರಡನೇ ಲಾಟಿಗೆ ಬಾಕ್ಸಿನ ಮೇಲಿದ್ದ ಫೋಟೋ ಬಿಡಲು ಅವರನ್ನು ಒಪ್ಪಿಸಿದೆ. ಕಿತ್ತಳೆ ಒಂದು, ಕಡು ಹಸಿರು ಒಂದು, ಎರಡೇ ಇಂಕು. ನನ್ನ ಮೆಷಿನ್ನಿನಲ್ಲಿ ಒಂದೇ ಸಲಕ್ಕೆ ಮುಗಿಯಿತು.

ಬಣ್ಣದ ನಂಬರ್ ಆರಿಸಿದ್ದು ಪ್ಯಾಂಟೋನ್ ಪುಸ್ತಕದಿಂದ, ಅಂದರೆ ಒಂದೊಂದು ಬಣ್ಣಕ್ಕೂ ನಂಬರ್ ಕೊಟ್ಟ ಮಾದರಿ ಪುಸ್ತಕದಿಂದ. 1963ರಲ್ಲಿ ಶುರುವಾಗಿ ಈಗ ಲೋಕವೆಲ್ಲ ಬಳಸುವ ಕ್ರಮ ಅದು. ಆರೆಂಜ್ 021 ಅದರ ಮೂಲ ಇಂಕುಗಳಲ್ಲೇ ಒಂದು, ಬೆರೆಸುವ ತಲೆಬಿಸಿ ಇಲ್ಲ. ಹಸಿರನ್ನು ಮಾತ್ರ ಪುಸ್ತಕದ ಲೆಕ್ಕ ನೋಡಿ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನಾನೇ ಕಲಸಿದೆ. ಅಂದಾಜಿನಲ್ಲಿ ಕಲಸಬೇಡಿ, ಮುಂದಿನ ಸಲ ಅದೇ ಹಸಿರು ಜನ್ಮಕ್ಕೂ ಬರುವುದಿಲ್ಲ. 18 ಇಂಚು 23 ಇಂಚಿನ 5000 ಶೀಟಿಗೆ, ಅರ್ಧ ಭಾಗ ಕಿತ್ತಳೆ ಇದ್ದಲ್ಲಿ, ಸುಮಾರು ಒಂದು ಕಿಲೋ ಇಂಕು ಹೋಯಿತು, ಸೆಟ್ಟಿಂಗಿನ ವೇಸ್ಟ್ ಬೇರೆ.

ಎಡವಟ್ಟು ಆಗದೆ ಬಿಡಲಿಲ್ಲ. ಡಿಸೈನ್ ಮಾಡಿದ ಹುಡುಗ ಕಳಿಸಿದ ಫೈಲ್ ತೆರೆದರೆ ಎರಡರ ಬದಲು ಮೂರು ಪ್ಲೇಟು! ಒಂದು ಕಡೆ ಆರೆಂಜ್ 021 ಸಿ, ಇನ್ನೊಂದು ಕಡೆ ಆರೆಂಜ್ 021 ಯು. ಬಣ್ಣ ಒಂದೇ ಆದರೂ ಹೆಸರು ಬೇರೆಯಾದ್ದರಿಂದ ಕಂಪ್ಯೂಟರಿಗೆ ಅದು ಎರಡು. ಸಿ ಅಂದರೆ ಕೋಟೆಡ್, ಆರ್ಟ್ ಪೇಪರಿನ ತರಹದ ನುಣುಪು ಕಾಗದಕ್ಕೆ. ಯು ಅಂದರೆ ಅನ್‌ಕೋಟೆಡ್, ಮ್ಯಾಪ್‌ಲಿಥೋ ತರಹದ ನುಣುಪು ಲೇಪ ಇಲ್ಲದ ಕಾಗದಕ್ಕೆ. ಪ್ಲೇಟ್ ಹೊಡೆಸುವ ಮುಂಚೆ ಸೆಪರೇಶನ್, ಅಂದರೆ ಫೈಲಿನ ಒಂದೊಂದು ಇಂಕಿನ ಭಾಗ, ಬೇರೆ ಬೇರೆಯಾಗಿ ನೋಡಿದ್ದಕ್ಕೆ ಬಚಾವ್. ಕಿತ್ತಳೆಯ ಮೇಲೆ ಬರುವ ಸಣ್ಣ ಹಸಿರು ಅಕ್ಷರವನ್ನು ಓವರ್‌ಪ್ರಿಂಟ್ ಮಾಡಿಸಿದೆ, ಅಂದರೆ ಕೆಳಗಿನ ಕಿತ್ತಳೆಯನ್ನು ಕತ್ತರಿಸದೆ ಅದರ ಮೇಲೆಯೇ ಹೊಡೆಸಿದೆ. ಇಲ್ಲದಿದ್ದರೆ ಸುತ್ತ ಬಿಳಿ ಗೆರೆ ಇಣುಕುತ್ತದೆ.

ಹಿಂದಿನ ದಿನ ಕಪ್ಪು ಓಡಿದ ಯುನಿಟ್ಟಿಗೆ ಕಿತ್ತಳೆ ಹಾಕುವುದು ದೊಡ್ಡ ರಗಳೆ. ರೋಲರುಗಳಿಗೆ ಒಂದು ವಾಶಪ್ (ತೊಳೆತ) ಸಾಲುವುದಿಲ್ಲ. ತೊಳೆದು, ರೋಲರಿಗೆ ಸ್ವಲ್ಪ ಹಳದಿ ಹತ್ತಿಸಿ ಓಡಿಸಿ, ಮತ್ತೆ ತೊಳೆದೆವು. ಆಗಲೂ ಮೊದಲ ಐವತ್ತು ಶೀಟು ಕೊಳೆ ಕಿತ್ತಳೆ. "ಅಣ್ಣ, ಇದು ಗೇರುಹಣ್ಣು ಕೊಳೆತ ಬಣ್ಣ" ಅಂತ ಮೆಷಿನ್ ಹುಡುಗ ನಕ್ಕ.

ಇನ್ನೊಂದು ವಿಷಯ, ಬೆಳಕಿನದ್ದು. ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ಶೇಡ್ ಬಾಗಿಲ ಹೊರಗೆ ಬೇರೆ, ಅಂಗಡಿಯ ಹಳದಿ ಬಲ್ಬಿನಡಿ ಮತ್ತೂ ಬೇರೆ. ನಾನು ಪಾರ್ಟಿಯನ್ನೇ ಪ್ರೆಸ್ಸಿಗೆ ಕರೆಸಿ, ಹಗಲು ಬೆಳಕಿನಲ್ಲಿ ತೋರಿಸಿ, ಒಂದು ಶೀಟಿಗೆ ಸಹಿ ಹಾಕಿಸಿಕೊಂಡೆ. ಅದೂ ಹಸಿ ಶೀಟಲ್ಲ, ಒಣಗಿದ್ದು. ಒಣಗಿದ ಮೇಲೆ ಬಣ್ಣ ಸ್ವಲ್ಪ ಇಳಿಯುತ್ತದೆ. ಬಾಕ್ಸಿನ ಡ್ಯುಪ್ಲೆಕ್ಸ್ ಬೋರ್ಡಿನ ಬಿಳಿ ಪ್ಯಾಂಟೋನ್ ಪುಸ್ತಕದ ಕಾಗದದಷ್ಟು ಬಿಳಿ ಅಲ್ವಲ್ಲ, ಆದ್ದರಿಂದ ಪುಸ್ತಕಕ್ಕೆ ನೂರಕ್ಕೆ ನೂರು ಹೊಂದುತ್ತದೆ ಅಂತ ಮಾತು ಕೊಡಲೇ ಇಲ್ಲ.

ಉಳಿದ ಇಂಕಿನ ಡಬ್ಬಿ ಮೇಲೆ ನಂಬರ್, ಬೋರ್ಡಿನ ಹೆಸರು, ತಾರೀಕು ಬರೆದು, ಛಾಪಿಸಿದ ಒಂದು ತುಂಡು ಅಂಟಿಸಿಟ್ಟೆ. ಮೊನ್ನೆ ಮೂರನೇ ಆರ್ಡರ್ ಬಂತು. ಡಬ್ಬಿ ತೆರೆದರೆ ಮೇಲೆ ಕೆನೆ ಕಟ್ಟಿತ್ತು. ಅದನ್ನು ಎತ್ತಿ ಬಿಸಾಡಿ, ಕೆಳಗಿನ ಇಂಕನ್ನು ಬೆರಳಲ್ಲಿ ಬೋರ್ಡಿಗೆ ತಟ್ಟಿ ಹಳೆಯ ತುಂಡಿನ ಪಕ್ಕ ಹಿಡಿದೆ. ಅದೇ ಕಿತ್ತಳೆ.