ಖಾಲಿ ಹಾಸಿಗೆಗೂ ದುಡ್ಡಿಟ್ಟ ಮೇಲೆಯೇ ರೆಸ್ಪೈಟ್ ನಡೆದದ್ದು

ರೆಸ್ಪೈಟ್ ಎಂದರೆ ಹೆಚ್ಚಿನ ಆರೈಕೆ ಬೇಕಾದವರನ್ನು ಕೆಲವು ಗಂಟೆ ಅಥವಾ ರಾತ್ರಿ ನೋಡಿಕೊಂಡು ಮನೆಯವರಿಗೆ ಬಿಡುವು ಕೊಡುವುದು. ಯಾರೂ ಮಲಗದ ಹಾಸಿಗೆಗೆ ಯಾವ ದಾನಿ ದುಡ್ಡು ಕೊಡುತ್ತಾನೆ ಎಂದು ಕೇಳಿದವರೇ ಹೆಚ್ಚು. ಈಗ ನಮ್ಮ ರೆಸ್ಪೈಟ್ ಮನೆಗೆ ನಾಲ್ಕು ಹಾಸಿಗೆ, 36 ಕುಟುಂಬ, ವರ್ಷಕ್ಕೆ ಹೆಚ್ಚುಕಡಿಮೆ 600 ರಾತ್ರಿ. ಎರಡು ವರ್ಷದಿಂದ ಒಂದು ತಿಂಗಳೂ ಸಂಬಳ ತಡವಾಗಿಲ್ಲ. ಈ ಕೊನೆಯ ಮಾತಿನ ತೂಕ ರೆಸ್ಪೈಟ್ ನಡೆಸಿದವರಿಗೆ ಗೊತ್ತು.

ಮೊದಲು ಹಣ ಎತ್ತಿದ್ದು ತಲೆಗೊಂದು ರಾತ್ರಿಗೆ ಇಷ್ಟು ಎಂಬ ಲೆಕ್ಕದಲ್ಲಿ. ನೂರಕ್ಕೆ 80 ಹಾಸಿಗೆ ತುಂಬುತ್ತವೆ ಎಂದು ದರ ಕಟ್ಟಿದ್ದೆವು. ನಾಲ್ಕು ಹಾಸಿಗೆಗೆ ವರ್ಷಕ್ಕೆ 1,460 ರಾತ್ರಿ; ತುಂಬಿದ್ದು 500ರ ಆಸುಪಾಸು. ಶನಿವಾರಕ್ಕೆ ಕಾಯುವವರ ಪಟ್ಟಿ, ಮಂಗಳವಾರ ಮನೆ ಖಾಲಿ. ಖಾಲಿ ಮನೆಗೂ ಪಾಳಿಯ ಸಂಬಳ ಅಷ್ಟೇ. ಒಂದು ಪಾಳಿ ಜಾಗವನ್ನು, ಅಂದರೆ ಯಾವಾಗಲೂ ಒಬ್ಬ ಆರೈಕೆದಾರರು ಇರಬೇಕಾದ ಜಾಗವನ್ನು, ವಾರವಿಡೀ ಹಗಲುರಾತ್ರಿ ತುಂಬಲು 168 ಗಂಟೆ ಬೇಕು. 48 ಗಂಟೆಯ ವಾರಕ್ಕೆ ಭಾಗಿಸಿದರೆ ಮೂರೂವರೆ ಜನ. ರಜೆ, ಕಾಯಿಲೆ, ತರಬೇತಿಗೆ ಶೇ 20 ಸೇರಿಸಿದರೆ 4.2. ಎಷ್ಟೋ ಬಜೆಟ್‌ಗಳಲ್ಲಿ ಈ ಜಾಗದಲ್ಲಿ 3 ಎಂದು ಬರೆದಿರುತ್ತದೆ. ಮೂರನೇ ತಿಂಗಳಿಗೆ ಒಬ್ಬರೇ ಎರಡು ಪಾಳಿ ಎಳೆಯುತ್ತಿರುತ್ತಾರೆ, ಐದನೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ಸರಿಯಾಗಿದ್ದು ಎರಡು ಬದಲಾವಣೆಯಿಂದ. ಒಂದು, ಗುರುವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 8ರವರೆಗೆ ಮಾತ್ರ ತೆರೆದೆವು. 168 ಗಂಟೆ 86ಕ್ಕೆ ಇಳಿಯಿತು. ವರ್ಷಕ್ಕೆ 832 ಹಾಸಿಗೆ-ರಾತ್ರಿ, ಅದರಲ್ಲಿ ಸುಮಾರು 600 ತುಂಬುತ್ತವೆ. ಎರಡು, ಖರ್ಚನ್ನು ಸೀಳಿದೆವು. ಬಾಡಿಗೆ, ಪಾಳಿ ಸಂಬಳ, ವಿಮೆ, ತುರ್ತು ಹಾಸಿಗೆ ಸೇರಿ ಒಟ್ಟು ಖರ್ಚಿನಲ್ಲಿ ಹತ್ತಕ್ಕೆ ಏಳು ಪಾಲು, ಜನ ಬಂದರೂ ಬರದಿದ್ದರೂ ಆಗುವುದು. ದಾನದ ಹಣ ಇದಕ್ಕೆ ಮಾತ್ರ, ಮೂರು ತಿಂಗಳಿಗೊಮ್ಮೆ ಮುಂಗಡ. ಊಟ, ಬಟ್ಟೆ ಒಗೆತ, ಡೈಪರ್, ಹೆಚ್ಚುವರಿ ಆರೈಕೆದಾರರ ಗಂಟೆ ಇವೆಲ್ಲ ಎಷ್ಟು ಜನ ಬಂದರು ಎಂಬುದರ ಮೇಲೆ ಏರಿಳಿಯುವ ಖರ್ಚು.

ದಾನಿಗಳಿಗೆ ರಾತ್ರಿ ಮಾರುವುದನ್ನು ಬಿಟ್ಟು ಗಂಟೆ ಮಾರಿದೆವು. ಒಂದು ಪಾಳಿ ಜಾಗಕ್ಕೆ ವರ್ಷಕ್ಕೆ ಸುಮಾರು 4,500 ಗಂಟೆ. 500 ಗಂಟೆಯ ಒಂಬತ್ತು ತುಂಡು. ಎರಡು ಜಾಗಕ್ಕೆ 18 ತುಂಡು, ಈಗ 18ಕ್ಕೂ ದಾನಿಗಳಿದ್ದಾರೆ. ‘ಇಷ್ಟು ಫಲಾನುಭವಿಗಳು’ ಎಂಬ ಸಾಲನ್ನು ವರದಿಯಿಂದಲೇ ತೆಗೆದೆವು. ಅದರ ಬದಲು, ತಂದೆತಾಯಿಗೆ ಒಂದೇ ಸಮನೆ ಆರು ಗಂಟೆ ನಿದ್ದೆ ಸಿಕ್ಕ ರಾತ್ರಿಗಳು ಎಷ್ಟು ಎಂದು ಬರೆಯುತ್ತೇವೆ. ಮನೆಯವರೇ ಗುರುತು ಹಾಕಿ ಕೊಡುತ್ತಾರೆ. ನವೀಕರಣಕ್ಕೆ ಹೋಗುವ ಪತ್ರದ ಎರಡನೇ ಪುಟದಲ್ಲಿ ಏನಿರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಹಂಚಿಕೆಯಲ್ಲಿ ದೊಡ್ಡ ಪೆಟ್ಟು ತಿಂದಿದ್ದೇವೆ. ಅಮೆರಿಕದ ಹಲವು ರಾಜ್ಯಗಳ ವೋಚರ್ ಪದ್ಧತಿ (ಆರೈಕೆ ಕೊಳ್ಳಲು ಮನೆಯವರಿಗೇ ಮೊತ್ತ ಕೊಡುವುದು) ನೋಡಿ, ಎಲ್ಲ ಕುಟುಂಬಕ್ಕೂ ಸಮನಾದ ಮೊತ್ತ ಕೊಟ್ಟೆವು. ನಾಲ್ವರಿಗೆ ಒಬ್ಬ ಆರೈಕೆದಾರ ಸಾಕಾಗುವವರಿಗೆ ಅದರಲ್ಲಿ ನಾಲ್ಕು ಗಂಟೆ ಸಿಕ್ಕರೆ, ಒಬ್ಬರಿಗೆ ಒಬ್ಬರೇ ಬೇಕಾದವರಿಗೆ ಒಂದು ಗಂಟೆ. ಅತಿ ಹೆಚ್ಚು ದಣಿದ ಮನೆಗೆ ಅತಿ ಕಡಿಮೆ ಬಿಡುವು! ಈಗ ಪ್ರತಿ ಮನೆಗೂ ಗಂಟೆಗಳ ಖಾತೆ ಇದೆ, ಅದರಿಂದ ಕಳೆಯುವುದು ಗಡಿಯಾರದ ಗಂಟೆ ಮಾತ್ರ. ಆರೈಕೆಯ ಭಾರ ನಾಲ್ಕು ಪಟ್ಟಾದರೂ ಹೆಚ್ಚಿನದನ್ನು ನಿಧಿಯೇ ಹೊರುತ್ತದೆ. ಫಿಟ್ಸ್ ಇರುವವರಿಗೆ ರಾತ್ರಿ ಎಚ್ಚರವಿರುವ ಆರೈಕೆದಾರರು ಬೇಕು. ಮಲಗಿ ಕಾಯುವ ಪಾಳಿಗಿಂತ ಅದು ದುಬಾರಿ, ಅದೂ ನಿಧಿಯದ್ದೇ. ಆಸ್ಟ್ರೇಲಿಯಾದ ಎನ್‌ಡಿಐಎಸ್ (ಅಂಗವೈಕಲ್ಯವಿರುವವರಿಗಾಗಿ ಇರುವ ರಾಷ್ಟ್ರೀಯ ವಿಮಾ ಯೋಜನೆ) ಸಾಮಾನ್ಯವಾಗಿ ವರ್ಷಕ್ಕೆ 28 ದಿನದವರೆಗೆ ರೆಸ್ಪೈಟ್ ಕೊಡುತ್ತದೆ. ನಾವೂ ಅದನ್ನೇ ಮೇಲ್ಮಿತಿಯಾಗಿ ಇಟ್ಟೆವು. ನಿಜವಾಗಿ ಬಳಕೆಯಾಗುವುದು ಮನೆಗೆ 16–17 ರಾತ್ರಿ. ಮಿತಿ ದೊಡ್ಡದಿದ್ದರೆ ಎಲ್ಲರೂ ದೋಚುತ್ತಾರೆ ಎಂಬ ಭಯ ಸುಳ್ಳಾಯಿತು.

ರದ್ದತಿಗೆ ದಂಡ ಹಾಕಿದ್ದು ಇನ್ನೊಂದು ತಪ್ಪು. ಐದು ಬುಕಿಂಗ್‌ನಲ್ಲಿ ಒಂದು ರದ್ದಾಗುತ್ತಿತ್ತು, ಹೆಚ್ಚಿನವು ಜ್ವರದಿಂದ. ದಂಡ ಬಂದ ಮೇಲೆ ಜ್ವರ ಇರುವವರನ್ನೇ ಕರೆತಂದು ಬಿಟ್ಟರು, ಉಳಿದ ಮೂವರಿಗೂ ಹರಡಿತು. ದಂಡ ತೆಗೆದು, ಒಂದೇ ದಿನದ ಸೂಚನೆಗೆ ಬರಬಲ್ಲ ಮನೆಗಳ ‘ದಿಢೀರ್ ಪಟ್ಟಿ’ ಮಾಡಿದೆವು. ಹಾಗೆ ಬಂದವರ ಖಾತೆಯಿಂದ ಇದ್ದ ಗಂಟೆಗಳಲ್ಲಿ ಅರ್ಧದಷ್ಟನ್ನು ಮಾತ್ರ ಕಳೆಯುತ್ತೇವೆ. ಅರ್ಧಕ್ಕಿಂತ ಹೆಚ್ಚು ರದ್ದತಿಗಳು ಹೀಗೆ ತುಂಬುತ್ತವೆ.

ಮೊದಲ ತಂಗುವಿಕೆ ಮುರಿದರೆ ಇಡೀ ವಾರಾಂತ್ಯದ ದುಡ್ಡು ಹೋದಂತೆ. ಹೊಸಬರಲ್ಲಿ ಮೂವರಲ್ಲಿ ಒಬ್ಬರನ್ನು ಮಧ್ಯರಾತ್ರಿ ಮನೆಗೆ ಕಳಿಸಬೇಕಾಗುತ್ತಿತ್ತು. ಈಗ ಎರಡು ಗಂಟೆ, ಆರು ಗಂಟೆ, ಒಂದು ರಾತ್ರಿ ಹೀಗೆ ಮೂರು ಹಂತದ ಭೇಟಿ ಮುಗಿಯದೆ ವಾರಾಂತ್ಯದ ಬುಕಿಂಗ್ ಇಲ್ಲ. ಈ ಭೇಟಿಗಳಿಗೆ ಮನೆಯವರಿಂದ ಏನೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ‘ಬೇಡ, ನಮ್ಮ ಮಗು ಹೊಂದಿಕೊಳ್ಳುತ್ತೆ’ ಎಂದು ಹಂತ ಹಾರಿಸುತ್ತಾರೆ. ಮುರಿಯುವುದು ಹತ್ತರಲ್ಲಿ ಒಂದಕ್ಕೆ ಇಳಿದಿದೆ. ಔಷಧಿ ಅದರ ಮೂಲ ಪೊಟ್ಟಣದಲ್ಲೇ ಬರಬೇಕು. ಫಿಟ್ಸ್ ಐದು ನಿಮಿಷ ದಾಟಿದರೆ ಏನು ಕೊಡಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂಬುದು ವೈದ್ಯರ ಸಹಿಯೊಂದಿಗೆ ಇರಬೇಕು. ಇದಿಲ್ಲದೆ ಒಳಗೆ ಸೇರಿಸಿಕೊಂಡರೆ ವಿಮೆಯವರು ಕೈಬಿಡಬಹುದು.

ಮನೆಮನೆ ನಡುವೆ ಗಂಟೆ ವಿನಿಮಯವನ್ನೂ ಮಾಡಿ ನೋಡಿದೆವು. ನೀವು ನಮ್ಮವರನ್ನು ನೋಡಿಕೊಳ್ಳಿ, ನಾವು ನಿಮ್ಮವರನ್ನು ಎಂಬ ಲೆಕ್ಕ. ಆರು ತಿಂಗಳಲ್ಲಿ ನಿಂತಿತು, ಏಕೆಂದರೆ ಭಾರ ಹೆಚ್ಚಿರುವ ಮನೆಯವರು ಪಡೆದ ಗಂಟೆಯನ್ನು ಎಂದಿಗೂ ಹಿಂತಿರುಗಿಸಲಾರರು. ಸಾಲಗಾರರಾಗಿ ಕೇಳುವುದನ್ನೇ ಬಿಟ್ಟರು. ಮನೆಗೇ ಆರೈಕೆದಾರರನ್ನು ಕಳಿಸುವ ಪ್ರಯೋಗ ಇನ್ನೂ ಇದೆ. ಪ್ರಯಾಣದ ಸಮಯ ಸೇರಿ ಗಂಟೆಗೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಬೀಳುತ್ತದೆ. ಆದರೂ ತೀರಾ ಚಿಕ್ಕ ಮಕ್ಕಳಿಗೆ, ಟ್ಯೂಬ್‌ನಲ್ಲಿ ಆಹಾರ ತೆಗೆದುಕೊಳ್ಳುವವರಿಗೆ ಅದೇ ಸರಿ.

ಮನೆಯವರ ಪಾಲು ಒಟ್ಟು ಖರ್ಚಿನ ಹತ್ತನೇ ಒಂದು. ಮೂರು ಮಟ್ಟ, ತಾವೇ ಆರಿಸುತ್ತಾರೆ, ಆದಾಯ ಪತ್ರ ಕೇಳುವುದಿಲ್ಲ. ಎಲ್ಲರೂ ಕೆಳಗಿನದನ್ನೇ ಆರಿಸುತ್ತಾರೆ ಎಂದಿದ್ದರು. ಅರ್ಧದಷ್ಟು ಮನೆಗಳು ನಡುವಿನದನ್ನು ಆರಿಸಿದವು. ಆ ಮೂರು ಮೊತ್ತಗಳ ನಡುವಿನ ಅಂತರ ಹೇಗಿರಬೇಕೆಂಬುದು ಬಹಳ ತಿದ್ದಿ ತಿದ್ದಿ ಸಿಕ್ಕ ಗುಟ್ಟು, ಅದು ನಮ್ಮಲ್ಲೇ ಇರಲಿ.

ಮೀಸಲು ಮೂರು ತಿಂಗಳ ಸ್ಥಿರ ಖರ್ಚಿನಷ್ಟು, ಬೇರೆ ಖಾತೆಯಲ್ಲಿ. ನಾಲ್ಕರಲ್ಲಿ ಒಂದು ಹಾಸಿಗೆ ಬುಕಿಂಗ್‌ಗೆ ಕೊನೆಯಲ್ಲಿ ತೆರೆಯುತ್ತದೆ: ಬುಧವಾರ ಮಧ್ಯಾಹ್ನದವರೆಗೆ ತುರ್ತಿಗೆ, ಆಮೇಲೆ ದಿಢೀರ್ ಪಟ್ಟಿಗೆ. ತಾಯಿ ಆಸ್ಪತ್ರೆ ಸೇರಿದ ಮನೆಗೆ ಮುಚ್ಚಿದ ದಿನಗಳಲ್ಲೂ ಬಾಗಿಲು ತೆರೆಯುತ್ತೇವೆ. ಕಳೆದ ವರ್ಷ 11 ಸಲ ಹಾಗಾಯಿತು, ಸಲಕ್ಕೆ ಸರಾಸರಿ ಐದು ರಾತ್ರಿ. ಮೊದಲ 48 ಗಂಟೆ ಇಬ್ಬರು ಆರೈಕೆದಾರರನ್ನು ಹಾಕುತ್ತೇವೆ, ಆ ಸಂಬಳ ಮೀಸಲಿನಿಂದ.